ಅಳಿವೆ ಬಾಗಿಲು

ವಿಂಚಿನ ರೋಪು ಸುತ್ತಿದ್ದು ನಸುಕಿನ ಮೂರೂವರೆಗೆ,
ಉಡುಪಿಯ ನಮ್ಮ ಬಾಗಿಲಿಗೆ ಬಂದದ್ದು ಒಂಬತ್ತಕ್ಕೆ.
ನಡುವಿನದೆಲ್ಲ ನೀರು.
ಲೋಲಾಕ್ಷ ಕುಂದರ್, ಮೂವತ್ತೆಂಟು, ಮಲ್ಪೆಯ ಬೋಟು;
ಮೊಣಕಾಲ ಹಿಂದಿನ ರಕ್ತನಾಳ ಜಜ್ಜಿ
ಪಾದ ಐಸ್ ಪೆಟ್ಟಿಗೆಯ ಬಂಗುಡೆಯ ಹಾಗೆ:
ಹೊಳಪುಂಟು, ಬಿಸಿಯಿಲ್ಲ.

ತೊಡೆಗೆ ಯಾರೋ ಲುಂಗಿ ಹರಿದು ಬಿಗಿದಿದ್ದರು.
ಬಿಗಿದವ ಜೊತೆಗೇ ಬಂದಿದ್ದ, ಬೋಟಿನ ಅಡುಗೆಯ ಹುಡುಗ;
"ಬಿಚ್ಚಬೇಕಾ ಸಿಸ್ಟರ್, ಈಗ ಬಿಚ್ಚಬೇಕಾ"
ಕೇಳುತ್ತಲೇ ಇದ್ದ.
ಮುಟ್ಟಬೇಡ ಎಂದೆ. ಗದರಿದೆನೇನೋ.
ಅವನಿಗೇನು ಗೊತ್ತು,
ನನಗೆ ಗಂಟಿನ ಭಯವಲ್ಲ, ಬಿಚ್ಚುವುದರ ಭಯ.

ಹನ್ನೊಂದು ವರ್ಷದ ಹಿಂದೆ, ಬೇರೆ ವಾರ್ಡು, ಬೇರೆ ಕಾಲು.
ಲಾರಿ ಕ್ಲೀನರ್. ಹೆಸರು ನೆನಪುಂಟು, ಹೇಳುವುದಿಲ್ಲ.
ನಾಳ ಹೊಲಿದು ರಕ್ತ ಬಿಟ್ಟಾಗ
ಪಾದ ಕೆಂಪಾಯಿತು, ನಾವೆಲ್ಲ ನಕ್ಕೆವು.
'ಕಾಲು ಬೆಚ್ಚಗಿದೆ' — ಚಾರ್ಟಿನಲ್ಲಿ ನನ್ನದೇ ಅಕ್ಷರ.
ಬರೆದಿಟ್ಟು ಚಾ ಕುಡಿಯಲು ಹೋದೆ.
ಗಂಟೆಗಟ್ಟಲೆ ಹಸಿದ ಮಾಂಸದಲ್ಲಿ
ಏನೇನು ನಂಜು ಕೂಡಿತ್ತೋ
ಅದೆಲ್ಲ ಆ ಬಿಸಿಯ ಬೆನ್ನೇರಿ
ಎದೆಯ ಕಡೆ ಹೊರಟಿತ್ತು.
ನನ್ನ ಚಾ ಮುಗಿದಿರಲಿಲ್ಲ.

ಈ ಸಲ
ಡಾಕ್ಟರ್ ಮುನೀರಾರ ಸೂಜಿ ಓಡಿತು, ಕ್ಲ್ಯಾಂಪು ಓಡಲಿಲ್ಲ.
ಮರಳಿ ಬಂದ ಮೊದಲ ಕಪ್ಪು ರಕ್ತವನ್ನು
ಒಳಗೆ ಸೇರಿಸದೆ ಬಟ್ಟಲಿಗೆ ಚೆಲ್ಲಿದರು.
ಆಮೇಲೆ ಒಂದು ಹಲ್ಲು ಸಡಿಲ. ನಿಲ್ಲು.
ಇನ್ನೊಂದು ಹಲ್ಲು. ನಿಲ್ಲು.
ಪರದೆಯಲ್ಲಿ ಹಸಿರು ಅಲೆ ಎದ್ದು ಮುಳ್ಳಾಯಿತು.
ತಲೆಯ ಬಳಿಯಿಂದ ಸಂಕಪ್ಪ ಡಾಕ್ಟರ ಒಂದೇ ಮಾತು, ಕ್ಯಾಲ್ಸಿಯಂ;
ನಾನು ಸಿರಿಂಜು ತುಂಬಿಕೊಂಡೇ ನಿಂತಿದ್ದೆ.
ಮುಳ್ಳು ಮತ್ತೆ ಅಲೆಯಾಯಿತು.
ಕಿಂಡಿ ಅಣೆಕಟ್ಟಿನ ಹಲಗೆ ಕೀಳುವವರೂ ಹೀಗೇ,
ಒಂದೊಂದೇ,
ಕೆಳಗಿನ ಗದ್ದೆಯ ಮೇಲೆ ಕಣ್ಣಿಟ್ಟು.

ಕೊನೆಗೆ ಮೀನಖಂಡವನ್ನು
(ಎಂಥ ಹೆಸರು, ಮೀನು ಹಿಡಿಯುವವನ ಕಾಲಿಗೆ!)
ಎರಡೂ ಬದಿಯಲ್ಲಿ ಉದ್ದಕ್ಕೆ ಸೀಳಿದರು.
ಬಿಗಿದ ಸ್ನಾಯು, ಇಷ್ಟು ಹೊತ್ತು ಕಟ್ಟಿದ್ದ ಉಸಿರು ಬಿಟ್ಟಂತೆ,
ಹೊರಗೆ ಉಬ್ಬಿತು.

ವರಾಂಡದಲ್ಲಿ ಅವನ ಹೆಂಡತಿ ವಿನೋದಾ,
ಮೀನಿನ ಬುಟ್ಟಿಯನ್ನು ವಾಚ್‌ಮನ್ನಿಗೆ ಒಪ್ಪಿಸಿ ಬಂದವಳು.
"ರಕ್ತ ಬಂತಲ್ಲ, ಮತ್ತೆ ಯಾಕೆ ಕೊಯ್ದದ್ದು?"
ಡಾಕ್ಟರ್ ಪೊಟ್ಯಾಶಿಯಂ ಅಂದರು, ಒತ್ತಡ ಅಂದರು,
ಕಿಡ್ನಿ ಅಂದರು, ಕಾಗದದ ಮೇಲೆ ಗೆರೆ ಎಳೆದರು.
ಅವಳು ಗೆರೆ ನೋಡಲಿಲ್ಲ.
"ಅಳಿವೆ ಬಾಗಿಲು ಅಲ್ಲವಾ" ಎಂದಳು.
"ಹತ್ತು ದಿನ ಆಳದಲ್ಲಿ ಏನೂ ಆಗದ ದೋಣಿ
ಮನೆಯ ದೀಪ ಕಾಣುವಲ್ಲಿ ಮಗುಚುವುದು.
ನನ್ನ ಅಣ್ಣ ಹಾಗೇ ಹೋದದ್ದು."
ಡಾಕ್ಟರ್ ಪೆನ್ನಿಗೆ ಮುಚ್ಚಳ ಹಾಕಿದರು.

ರಾತ್ರಿ. ಸಲೈನು ಹನಿಯುವುದಲ್ಲ, ಸುರಿಯುತ್ತದೆ.
ಗಂಟೆಗೊಮ್ಮೆ ಚೀಲ ಅಳೆಯುತ್ತೇನೆ:
ಮೂತ್ರ ಮೊದಲು ಕಾಫಿ ಡಿಕಾಕ್ಷನ್,
ಎರಡರ ಹೊತ್ತಿಗೆ ಹುರುಳಿ ಸಾರು,
ನಾಲ್ಕಕ್ಕೆ ಗಂಜಿ ತಿಳಿಯ ಕಡೆಗೆ ಒಂದು ಹೆಜ್ಜೆ.
ಇಷ್ಟು ಸಂತೋಷದಿಂದ ನಾನು ಯಾವ ಬಣ್ಣವನ್ನೂ ನೋಡಿದ್ದಿಲ್ಲ.
ಸೀಳು ತೆರೆದೇ ಇದೆ, ಒದ್ದೆ ಬಟ್ಟೆಯ ಕೆಳಗೆ;
ಮುಚ್ಚಲು ವಾರ ಬೇಕು, ತೊಡೆಯ ಚರ್ಮ ಬೇಕು,
ಬೆರಳು ಮತ್ತೆ ಹಗ್ಗ ಮೆಟ್ಟಿ ನಿಲ್ಲುವುದೋ
ಯಾರೂ ಮಾತು ಕೊಟ್ಟಿಲ್ಲ.
ಹುಡುಗ ಬೆಂಚಿನ ಮೇಲೆ ನಿದ್ದೆಹೋಗಿದ್ದಾನೆ,
ಲುಂಗಿಯ ಆ ತುಂಡು ಮುಷ್ಟಿಯಲ್ಲೇ.

ಹೆಬ್ಬೆರಳ ಉಗುರು ಒತ್ತುತ್ತೇನೆ. ಬಿಳಿ.
ಬಿಡುತ್ತೇನೆ. ಒಂದು. ಎರಡು. ಕೆಂಪು.
'ಕಾಲು ಬೆಚ್ಚಗಿದೆ' ಎಂದು ಬರೆದು
ಪೂರ್ಣವಿರಾಮ ಇಡದೆ
ಸ್ಟೂಲು ಎಳೆದುಕೊಳ್ಳುತ್ತೇನೆ.
ಯಾರೋ ತಂದಿಟ್ಟ ಚಾ
ಕಿಟಕಿಯ ಬಳಿ ಕೆನೆಗಟ್ಟುತ್ತಿದೆ.